ನಿಮಗಿದು ಗೊತ್ತೆ? ಮುಂಬೈ ನಗರದಲ್ಲೂ ಚಿರತೆಗಳ ಸಂಸಾರ!

ಮುಂಬೈ ಮಹಾನಗರದ ಮಗ್ಗುಲಲ್ಲೇ ಇರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿ.ಮೀ. 2018ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಅದರ ಸುತ್ತಮುತ್ತ 47 ಚಿರತೆಗಳು ದಾಖಲಾದವು! ಇಷ್ಟು ಜನಸಂದಣಿಯ ನಡುವೆ ಅವು ಬದುಕುವುದು ಹೇಗೆ? ಹಗಲು ಪೊದೆಗಳಲ್ಲಿ ಅಡಗಿದ್ದು, ಜನರ ಓಡಾಟ ತಗ್ಗಿದ ಮೇಲೆ ಹೊರಬೀಳುತ್ತವೆ. ಕಾಡಿನಲ್ಲಿ ಜಿಂಕೆ, ಹಂದಿಗಳನ್ನು ಬೇಟೆಯಾಡಿದರೂ ಅಂಚಿನ ಬಡಾವಣೆಗಳಿಗೆ ಬಂದರೆ ಬೀದಿನಾಯಿಗಳೇ ಆಹಾರ. ಕಸದ ರಾಶಿ ನಾಯಿಗಳನ್ನು ಸೆಳೆಯುತ್ತದೆ, ನಾಯಿಗಳು ಚಿರತೆಯನ್ನು. ಚಿರತೆಯನ್ನು ಹಿಡಿದು ದೂರ ಬಿಟ್ಟುಬಿಡಿ ಎಂದು ಜನ ಒತ್ತಾಯಿಸುವುದು ಸಹಜವೇ. ಆದರೆ ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಪ್ರಕಾರ, ಹಾಗೆ ಸ್ಥಳಾಂತರಿಸಿದ ಬಳಿಕ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದವು. ಹಾಗಾಗಿ ಚಿರತೆಯನ್ನು ಸಾಗಿಸುವ ಬದಲು ಅದನ್ನು ಸೆಳೆಯದಿರುವುದೇ ಲೇಸು; ಕಾಡಂಚಿನಲ್ಲಿ ವಾಸವಿದ್ದರೆ, ದಯವಿಟ್ಟು ಕಸವನ್ನು ಬೀದಿಗೆ ಎಸೆಯಬೇಡಿ.