ಹೆಸರು ಬದಲಾದ ಕಾಲದ ಟ್ರ್ಯಾಕ್ಟರುಗಳು

ಹಳೆಯ ಯಂತ್ರಗಳಲ್ಲಿ ಅತ್ಯಂತ ಹಳೆಯದೇ ಅತ್ಯಂತ ವಿರಳವೆಂದು ಭಾವಿಸುವುದು ಸಹಜ. ಟ್ರ್ಯಾಕ್ಟರುಗಳ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಇಂಗ್ಲೆಂಡಿನ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1946ರಿಂದ 1956ರವರೆಗೆ ತಯಾರಾದ ಬೂದುಬಣ್ಣದ ಫರ್ಗ್ಯುಸನ್ ಟಿ.ಇ.20 ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಅಧಿಕ. ಅದರ ಉತ್ತರಾಧಿಕಾರಿಯಾಗಿ ಬಂದ ಫರ್ಗ್ಯುಸನ್ 35 ತನ್ನ ಮೂಲ ಬಣ್ಣದಲ್ಲಿ ಹೊರಬಂದದ್ದು ಸುಮಾರು ಒಂದು ವರ್ಷ ಮಾತ್ರ. ಇದಕ್ಕೆ ಕಾರಣ ಯಂತ್ರದ ದೋಷವಲ್ಲ, ಸಂಸ್ಥೆಯ ಹೆಸರಿನ ಬದಲಾವಣೆ.

ಐರ್ಲೆಂಡ್ ಮೂಲದ ಹ್ಯಾರಿ ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಟ್ರ್ಯಾಕ್ಟರಿಗೆ ಜೋಡಿಸಿ, ಹೈಡ್ರಾಲಿಕ್ ಶಕ್ತಿಯಿಂದ ಅದನ್ನು ಎತ್ತುವ, ಇಳಿಸುವ ವಿಧಾನವನ್ನು ರೂಪಿಸಿದರು. ನೇಗಿಲಿನ ಭಾರವೂ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಗುರವಾದ ಟ್ರ್ಯಾಕ್ಟರೂ ಜಾರದೆ ಉಳಬಲ್ಲದು. ಹೆನ್ರಿ ಫೋರ್ಡ್ ಅವರೊಡನೆ 1938ರಲ್ಲಿ ಕೈಕುಲುಕಿ ಮಾಡಿಕೊಂಡ ಬಾಯಿಮಾತಿನ ಒಪ್ಪಂದ 1947ರ ವೇಳೆಗೆ ಮುರಿದುಬಿತ್ತು. ನ್ಯಾಯಾಲಯದ ವ್ಯಾಜ್ಯವು 1952ರಲ್ಲಿ 92.5 ಲಕ್ಷ ಡಾಲರುಗಳ ಪರಿಹಾರದೊಂದಿಗೆ ಮುಗಿಯಿತು.

ಮರುವರ್ಷ ಫರ್ಗ್ಯುಸನ್ ತಮ್ಮ ಸಂಸ್ಥೆಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಡನೆ ವಿಲೀನಗೊಳಿಸಿದರು. ಆದರೆ ಎರಡೂ ಹೆಸರುಗಳ ಮಾರಾಟಗಾರರನ್ನು ಉಳಿಸಿಕೊಳ್ಳಬೇಕಾಗಿತ್ತು. ಆದುದರಿಂದ ಅಮೆರಿಕದಲ್ಲಿ ಬಹುಮಟ್ಟಿಗೆ ಒಂದೇ ಆದ ಯಂತ್ರವು ಒಬ್ಬರ ಅಂಗಡಿಯಲ್ಲಿ ಮ್ಯಾಸಿ-ಹ್ಯಾರಿಸ್ 50, ಇನ್ನೊಬ್ಬರ ಅಂಗಡಿಯಲ್ಲಿ ಫರ್ಗ್ಯುಸನ್ 40 ಎಂದು ಮಾರಾಟವಾಯಿತು. ಈ ಇಬ್ಬಗೆಯ ನೀತಿ ಹೆಚ್ಚು ಕಾಲ ನಡೆಯಲಿಲ್ಲ. ಹೀಗಾಗಿ ಫರ್ಗ್ಯುಸನ್ 40 ಇಂದು ಸಂಗ್ರಾಹಕರು ಅರಸುವ ಮಾದರಿಯಾಗಿದೆ.

ಬ್ರಿಟನ್ನಿನಲ್ಲಿ 1956ರಲ್ಲಿ ಬಿಡುಗಡೆಯಾದ ಫರ್ಗ್ಯುಸನ್ 35ರ ಮೇಲ್ಭಾಗ ಬೂದು, ಎಂಜಿನ್ ಮತ್ತು ಕೆಳಭಾಗ ಹೊಂಬಣ್ಣ. 1957ರ ಕೊನೆಯ ವೇಳೆಗೆ ಅದೇ ಯಂತ್ರ ಕೆಂಪು ಹೊದಿಕೆಯನ್ನು ಧರಿಸಿ ಮ್ಯಾಸಿ ಫರ್ಗ್ಯುಸನ್ 35 ಆಯಿತು. ಮೂರು ಸಿಲಿಂಡರುಗಳ ಪರ್ಕಿನ್ಸ್ ಡೀಸೆಲ್ ಎಂಜಿನ್ ಬಂದದ್ದು 1959ರಲ್ಲಿ. ಅಲ್ಲಿಯವರೆಗೂ ಡೀಸೆಲ್ ಮಾದರಿಯಲ್ಲಿ ಇದ್ದದ್ದು ಹಿಂದಿನ ನಾಲ್ಕು ಸಿಲಿಂಡರುಗಳ ಎಂಜಿನ್ನೇ.

ಇಲ್ಲಿಯೇ ಸಂರಕ್ಷಣೆಯ ಪ್ರಶ್ನೆ ಏಳುತ್ತದೆ. ಬೂದು-ಹೊಂಬಣ್ಣದ ಟ್ರ್ಯಾಕ್ಟರಿಗೆ ಕೆಂಪು ಬಣ್ಣ ಬಳಿದರೆ ಅದು ಮುಂದಿನ ವರ್ಷದ ಯಂತ್ರದಂತೆಯೇ ಕಾಣುತ್ತದೆ. ಅದರ ಕಾಲದ ಗುರುತು ಅಳಿಯುತ್ತದೆ. ಆಗ ಉಳಿಯುವ ಸಾಕ್ಷಿ ಕ್ರಮಸಂಖ್ಯೆಯ ಫಲಕ ಮತ್ತು ಸಂದುಗೊಂದುಗಳಲ್ಲಿ ಅಡಗಿದ ಹಳೆಯ ಬಣ್ಣ. ಆದುದರಿಂದ ದುರಸ್ತಿಗೆ ಮುನ್ನ ಫಲಕವನ್ನು ಕಾಪಾಡುವುದು, ತುಕ್ಕು ಉಜ್ಜುವ ಮೊದಲು ಬಣ್ಣದ ಪದರಗಳ ಛಾಯಾಚಿತ್ರ ತೆಗೆದಿಡುವುದು ಅವಶ್ಯ.

ಈ ಕಥೆಯ ಒಂದು ಎಳೆ ನಮ್ಮ ದೇಶಕ್ಕೂ ಚಾಚಿದೆ. 1960ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯು ಮ್ಯಾಸಿ ಫರ್ಗ್ಯುಸನ್ ಸಹಯೋಗದಲ್ಲಿ ಟ್ರ್ಯಾಕ್ಟರ್ ತಯಾರಿಕೆಯನ್ನು ಆರಂಭಿಸಿತು. ನಮ್ಮ ಹೊಲಗಳಲ್ಲಿ ಚಿರಪರಿಚಿತವಾದ ಕೆಂಪು 1035 ಆ 35ರ ವಂಶದ್ದೇ. ಅಮೆರಿಕದ ಆಗ್ಕೋ ಸಂಸ್ಥೆಯೊಡನೆ ಈ ಹೆಸರಿನ ಬಗ್ಗೆ ಉಂಟಾದ ವಿವಾದವು 2025ರ ಒಪ್ಪಂದದಲ್ಲಿ ಬಗೆಹರಿದು, ಭಾರತದಲ್ಲಿ ಅದರ ಒಡೆತನ ಟಾಫೆಗೆ ದೊರೆಯಿತು. ಬ್ಯಾನರ್ ಲೇನ್ ಕಾರ್ಖಾನೆಯಾದರೋ ಈ ಶತಮಾನದ ಆರಂಭದಲ್ಲಿಯೇ ಮುಚ್ಚಿಹೋಯಿತು.

ಊರಿನ ಹಿತ್ತಿಲಿನಲ್ಲಿ ಹಳೆಯ ಟ್ರ್ಯಾಕ್ಟರೊಂದು ನಿಂತಿದ್ದರೆ, ಗುಜರಿಗೆ ಹಾಕುವ ಮುನ್ನ ಅದರ ಫಲಕವನ್ನೊಮ್ಮೆ ಒರೆಸಿ ಓದುವುದು ಒಳ್ಳೆಯದು.