ಕೆಮಿಸ್ಟ್ರಿ ಓದಿದವರಿಗೆ ಬೀದರ್‌ನಲ್ಲೂ ಕೆಲಸವಿದೆ

ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿದವರನ್ನು ಮುಂದೇನು ಎಂದು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ: ಬಿ.ಇಡಿ ಮಾಡಿ ಮೇಷ್ಟ್ರಾಗುವುದು, ಇಲ್ಲವೇ ಬೆಂಗಳೂರಿಗೆ ಹೋಗಿ ಸಿಕ್ಕ ಕೆಲಸ ಹಿಡಿಯುವುದು. ಕೆಮಿಕಲ್ ಎಂಜಿನಿಯರಿಂಗ್‌ನವರದು ಇನ್ನೂ ವಿಚಿತ್ರ. ನಾಲ್ಕು ವರ್ಷ ಡಿಸ್ಟಿಲೇಷನ್ ಕಾಲಂ, ಹೀಟ್ ಎಕ್ಸ್‌ಚೇಂಜರ್ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಕ್ಯಾಂಪಸ್ಸಿಗೆ ಬಂದ ಸಾಫ್ಟ್‌ವೇರ್ ಕಂಪನಿಗೆ ಸೈ ಎನ್ನುವವರು ಎಷ್ಟೋ ಮಂದಿ. ಓದಿದ್ದಕ್ಕೆ ತಕ್ಕ ಕೆಲಸ ಇಲ್ಲವೆಂದಲ್ಲ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು, ನಂಜನಗೂಡು, ಬೆಂಗಳೂರಿನಂಚಿನ ಜಿಗಣಿ, ಬೊಮ್ಮಸಂದ್ರಗಳಲ್ಲಿ ಔಷಧ ಘಟಕಗಳಿವೆ. ಮಂಗಳೂರಿನಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರವಿದೆ, ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆಯಿದೆ.

ಔಷಧ ಕಂಪನಿ ಸೇರುವ ಹೊಸಬರಲ್ಲಿ ಅನೇಕರು ಮೊದಲು ಕೂರುವುದು ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬಿನಲ್ಲಿ, ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದೆದುರು. ಪುಟ್ಟ ವಯಲ್‌ನಲ್ಲಿರುವ ದ್ರಾವಣ ಕಾಲಂ ದಾಟಿ ಬರುತ್ತಿದ್ದಂತೆ ತೆರೆಯ ಮೇಲೆ ಒಂದೊಂದೇ ಪೀಕ್ ಏಳುತ್ತದೆ. ಎತ್ತರದ್ದು ಔಷಧ, ಪಕ್ಕದಲ್ಲಿ ತಲೆಯೆತ್ತಿಯೂ ಎತ್ತದಂತಿರುವುದು ಕಲ್ಮಶ. ನಿಜವಾದ ಕೆಲಸವಿರುವುದು ಆ ಸಣ್ಣದರಲ್ಲೇ. ತೂಗಿದ್ದು, ಕಲಸಿದ್ದು, ಎಲ್ಲವನ್ನೂ ಆಗಿಂದಾಗಲೇ ಲಾಗ್‌ಬುಕ್ಕಿಗೆ ಏರಿಸಬೇಕು. ಬರೆಯದೇ ಇದ್ದದ್ದು ನಡೆದೇ ಇಲ್ಲ ಎಂದು ಲೆಕ್ಕ. ಬೇಸ್‌ಲೈನ್ ಯಾಕೆ ಅಲುಗಾಡುತ್ತಿದೆ ಎಂದು ಸಂದರ್ಶನದಲ್ಲಿ ಕೇಳಿದರೆ ಮೊದಲ ರ‍್ಯಾಂಕಿನವರೂ ತಡವರಿಸಬಹುದು. ಅವರನ್ನು ದೂರಿ ಫಲವಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಆ ಯಂತ್ರ ಗರ್ಭಗುಡಿಯ ದೇವರಿದ್ದಂತೆ, ಮುಟ್ಟುವಂತಿಲ್ಲ.

ಇನ್ನು ಎಂಜಿನಿಯರ್ ಯಾಕೆ ಬೇಕು? ಒಂದು ಲೆಕ್ಕ ನೋಡಿ. 1 ಲೀಟರ್ ಫ್ಲಾಸ್ಕಿನಲ್ಲಿ ಬಿಸಿಯೇರುವ ಕ್ರಿಯೆಯನ್ನು ಐಸ್ ನೀರಿನಲ್ಲಿಟ್ಟು ಪಳಗಿಸಬಹುದು. ಅದನ್ನೇ ಅದೇ ಆಕಾರದ 1,000 ಲೀಟರ್ ರಿಯಾಕ್ಟರಿನಲ್ಲಿ ಮಾಡಿದರೆ ಹುಟ್ಟುವ ಶಾಖ 1,000 ಪಟ್ಟು. ಅದು ಹೊರಹೋಗಲು ಸಿಗುವ ಮೇಲ್ಮೈ ಮಾತ್ರ 100 ಪಟ್ಟು. ಲ್ಯಾಬಿನಲ್ಲಿ ಹತ್ತು ನಿಮಿಷದಲ್ಲಿ ಸುರಿದದ್ದನ್ನು ಇಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬಿಡಬೇಕಾಗುತ್ತದೆ. ನಡುವೆ ಕರೆಂಟು ಹೋಗಿ ಕಲಕುವ ಮೋಟರ್ ನಿಂತರೆ ಏನು ಗತಿ? ಕೆಮಿಸ್ಟ್ರಿಯವರು ಒಂದಿಷ್ಟು ಶಾಖದ ಲೆಕ್ಕವನ್ನೂ ಎಂಜಿನಿಯರುಗಳು ಒಂದಿಷ್ಟು ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೂ ಕಲಿತರೆ ಪ್ರೊಸೆಸ್ ಡೆವಲಪ್‌ಮೆಂಟ್ ವಿಭಾಗ ಅವರನ್ನು ಬಿಡುವುದಿಲ್ಲ. ಹೊಸ ಪದವಿ, ಹೊಸ ಸರ್ಟಿಫಿಕೇಟುಗಳಿಗಿಂತ ಇದಕ್ಕೇ ಬೆಲೆ ಹೆಚ್ಚು ಎಂಬುದು ನನ್ನ ಅನಿಸಿಕೆ.

ಸರ್ಕಾರಿ ತೈಲ ಕಂಪನಿಗಳ ಕನಸಿದ್ದರೆ ಎಂಜಿನಿಯರುಗಳು ಗೇಟ್ ಅಥವಾ ಆಯಾ ಕಂಪನಿಯದೇ ಪರೀಕ್ಷೆ ಬರೆಯಬೇಕು. ಸಂಶೋಧನೆಗೆ ಹೋಗುವ ಎಂಎಸ್ಸಿಯವರಿಗೆ ಸಿಎಸ್‌ಐಆರ್-ನೆಟ್ ಇದೆ, ಮೈಸೂರಿನ ಸಿಎಫ್‌ಟಿಆರ್‌ಐ, ಬೆಂಗಳೂರಿನ ಐಐಎಸ್‌ಸಿ ಇವೆ.

ಕಾರ್ಖಾನೆ ಕೆಲಸದಲ್ಲಿ ಕಷ್ಟವೂ ಉಂಟು. ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ತಪ್ಪಿದ್ದಲ್ಲ, ನೇಮಕಾತಿ ಏಜೆನ್ಸಿಯ ಮೂಲಕ ಆಗಿದ್ದರೆ ಕಾಯಂ ಆಗುವ ಭರವಸೆಯೂ ಇಲ್ಲ. ಆಫರ್ ಲೆಟರ್ ಕೈಗೆ ಬಂದಾಗ ಪ್ಲಾಂಟನ್ನು ಒಮ್ಮೆ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಫ್ಯೂಮ್ ಹುಡ್ ಗಾಳಿ ಎಳೆಯುತ್ತಿದೆಯೇ, ಸೇಫ್ಟಿ ಶವರ್‌ಗೆ ಹೋಗುವ ದಾರಿಯಲ್ಲಿ ಡ್ರಮ್ಮುಗಳನ್ನು ಪೇರಿಸಿಟ್ಟಿದ್ದಾರೆಯೇ ಎಂದು ಕಣ್ಣಾಡಿಸಿ. ಪೇರಿಸಿದ್ದರೆ ಬೇರೆ ಕಂಪನಿ ನೋಡಿಕೊಳ್ಳಿ.