ಕೊಂಡಿಗೆ ಕೊಂಡಿ: ಪ್ರಯೋಗಾಲಯದ ಪೆಪ್ಟೈಡುಗಳು



ವ, ನ, ಜ ಎಂಬ ಮೂರು ಅಕ್ಷರಗಳನ್ನು ಇದೇ ಕ್ರಮದಲ್ಲಿ ಬರೆಯಿರಿ. 'ವನಜ', ಅಂದರೆ ತಾವರೆ. ಕೊನೆಯ ಅಕ್ಷರವನ್ನು ಮೊದಲಿಗೆ ತನ್ನಿ. 'ಜವನ' ಆಯಿತು, ಮಾತು ಯಮರಾಯನ ಕಡೆಗೆ ಹೊರಳಿತು! ಅಕ್ಷರಗಳು ಅವೇ, ಬದಲಾದದ್ದು ಕ್ರಮ ಮಾತ್ರ. ಪೆಪ್ಟೈಡುಗಳನ್ನು ತಿಳಿಯಲು ಹೊರಟವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ.

ಇಲ್ಲಿ ಅಕ್ಷರಗಳ ಸ್ಥಾನದಲ್ಲಿರುವುದು 20 ಬಗೆಯ ಅಮೈನೋ ಆಮ್ಲಗಳು. ಪ್ರತಿಯೊಂದಕ್ಕೂ ಎರಡು ಕೈಗಳಿವೆ ಎಂದು ಭಾವಿಸಿ. ಒಂದು ಅಮೈನೋ ಗುಂಪು, ಇನ್ನೊಂದು ಕಾರ್ಬಾಕ್ಸಿಲ್ ಗುಂಪು. ಒಂದು ಆಮ್ಲದ ಕಾರ್ಬಾಕ್ಸಿಲ್ ಗುಂಪು ಮತ್ತೊಂದರ ಅಮೈನೋ ಗುಂಪನ್ನು ಹಿಡಿದಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಹೀಗೆ ಏರ್ಪಡುವುದೇ ಪೆಪ್ಟೈಡ್ ಬಂಧ. ಮೊಟ್ಟೆಯ ಬಿಳಿಗೆ ಸೋಡಿಯಂ ಹೈಡ್ರಾಕ್ಸೈಡನ್ನೂ ಒಂದೆರಡು ಹನಿ ತಾಮ್ರದ ಸಲ್ಫೇಟನ್ನೂ ಹಾಕಿದಾಗ ನೇರಳೆ ಬಣ್ಣ ಬರುವುದನ್ನು ನೀವು ಶಾಲೆಯಲ್ಲಿ ನೋಡಿರಬಹುದು. ತಾಮ್ರವು ಈ ಬಂಧಗಳನ್ನು ಕಂಡುಕೊಂಡದ್ದರ ಗುರುತು ಅದು. ಸುಮಾರು 50 ಕೊಂಡಿಗಳವರೆಗಿನ ಸರಪಣಿಯನ್ನು ಪೆಪ್ಟೈಡ್ ಎಂದೂ ಅದಕ್ಕಿಂತ ಉದ್ದನೆಯದನ್ನು ಪ್ರೋಟೀನು ಎಂದೂ ಕರೆಯುವುದು ವಾಡಿಕೆ. ಗೆರೆ ಅಷ್ಟೇನೂ ಬಿಗಿಯಾದದ್ದಲ್ಲ. 51 ಕೊಂಡಿಗಳ ಇನ್ಸುಲಿನ್ನಿಗೆ ಎರಡು ಹೆಸರುಗಳೂ ಸಲ್ಲುತ್ತವೆ.

ಕ್ರಮ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ದೇಹದಲ್ಲೇ ಸಾಕ್ಷಿಯಿದೆ. ಆಕ್ಸಿಟೋಸಿನ್ ಮತ್ತು ವ್ಯಾಸೋಪ್ರೆಸಿನ್ ಎರಡೂ ಒಂಬತ್ತು ಅಮೈನೋ ಆಮ್ಲಗಳ ಹಾರ್ಮೋನುಗಳು. ಏಳು ಸ್ಥಾನಗಳಲ್ಲಿ ಅವು ಒಂದೇ. ಮೂರನೆಯ ಮತ್ತು ಎಂಟನೆಯ ಸ್ಥಾನಗಳಲ್ಲಿ ಮಾತ್ರ ಬೇರೆ. ಅಷ್ಟಕ್ಕೇ ಒಂದು ಹೆರಿಗೆಯ ಸಮಯದಲ್ಲಿ ಗರ್ಭಕೋಶವನ್ನು ಸಂಕುಚಿಸುತ್ತದೆ, ಇನ್ನೊಂದು ಮೂತ್ರಪಿಂಡವು ನೀರನ್ನು ಪೋಲು ಮಾಡದಂತೆ ತಡೆಯುತ್ತದೆ.

ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದವರು ಅಮೆರಿಕದ ವಿನ್ಸೆಂಟ್ ಡು ವೀನ್ಯೊ. ಅದು 1953ರಲ್ಲಿ. ಎರಡೇ ವರ್ಷಗಳಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಒಂಬತ್ತು ಕೊಂಡಿಗೆ ಅಷ್ಟು ದೊಡ್ಡ ಗೌರವವೇ ಎಂದು ನೀವು ಕೇಳಬಹುದು. ಆಗಿನ ಕಷ್ಟ ಹಾಗಿತ್ತು. ಕೈಗಳು ಎರಡೂ ತೆರೆದಿದ್ದರೆ ಆಮ್ಲಗಳು ಮನಬಂದಂತೆ ಕೂಡಿಕೊಳ್ಳುತ್ತವೆ. ಆದ್ದರಿಂದ ಬೇಡದ ಕೈಗೆ ರಾಸಾಯನಿಕ ಮುಚ್ಚಳ ಹಾಕಬೇಕು, ಒಂದು ಕೊಂಡಿ ಸೇರಿಸಬೇಕು, ಬಂದದ್ದನ್ನು ಪ್ರತ್ಯೇಕಿಸಿ ಶುದ್ಧಮಾಡಬೇಕು, ಮುಚ್ಚಳ ತೆಗೆದು ಮುಂದಿನದಕ್ಕೆ ಹೋಗಬೇಕು. ಪ್ರತಿ ಸಲ ಶುದ್ಧಮಾಡುವಾಗಲೂ ಸ್ವಲ್ಪ ಮಾಲು ಕೈಬಿಟ್ಟು ಹೋಗುತ್ತಿತ್ತು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ಉಪಾಯ, ಕೇಳಿದರೆ ಇಷ್ಟೇನಾ ಎನಿಸುವಂಥದ್ದು. ಸರಪಣಿಯ ಒಂದು ತುದಿಯನ್ನು ಪಾಲಿಸ್ಟೈರೀನಿನ ಪುಟ್ಟ ಮಣಿಗೆ ಕಟ್ಟಿಬಿಡುವುದು! ಮಣಿ ಕರಗುವುದಿಲ್ಲ. ಕೊಂಡಿ ಸೇರಿಸಿದ ಮೇಲೆ ಅಕ್ಕಿ ತೊಳೆದಂತೆ ದ್ರಾವಕದಿಂದ ತೊಳೆದರಾಯಿತು. ಉಳಿದ ರಾಸಾಯನಿಕಗಳು ಸೋರಿಹೋಗುತ್ತವೆ, ಸರಪಣಿ ಮಣಿಯಲ್ಲೇ ನಿಲ್ಲುತ್ತದೆ. ಕೊನೆಯಲ್ಲಿ ಮಣಿಯಿಂದ ಕತ್ತರಿಸಿಕೊಂಡರೆ ಪೆಪ್ಟೈಡ್ ಸಿದ್ಧ. 1984ರ ನೊಬೆಲ್ ಬಹುಮಾನ ಇದಕ್ಕೇ ಸಂದಿತು. ಇಂದು ಯಂತ್ರಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ.

ಆದರೆ ಇಲ್ಲೊಂದು ತೊಡಕಿದೆ. ಮಣಿಯ ಮೇಲಿನ ಎಲ್ಲ ಸರಪಣಿಗಳಿಗೂ ಪ್ರತಿ ಸಲ ಹೊಸ ಕೊಂಡಿ ಸೇರುವುದಿಲ್ಲ. ಕೆಲವು ತಪ್ಪಿಸಿಕೊಳ್ಳುತ್ತವೆ. 31 ಕೊಂಡಿಗಳ ಪೆಪ್ಟೈಡಿಗೆ 30 ಜೋಡಣೆಗಳು ಬೇಕು. ಪ್ರತಿಯೊಂದು ಜೋಡಣೆಯೂ ಶೇಕಡಾ 99ರಷ್ಟು ಯಶಸ್ವಿಯಾದರೆ ಕೊನೆಗೆ ಸರಿಯಾದ ಸರಪಣಿ ಸುಮಾರು ಶೇಕಡಾ 74 ಸಿಗುತ್ತದೆ. 95 ಆದರೆ ಕೇವಲ 21. 90 ಆದರೆ ನಾಲ್ಕು ಮಾತ್ರ! ಕ್ಯಾಲ್ಕುಲೇಟರ್ ಹಿಡಿದು ನೀವೇ ಗುಣಿಸಿ ನೋಡಿ. ಮಿಕ್ಕದ್ದು ಒಂದೋ ಎರಡೋ ಕೊಂಡಿ ತಪ್ಪಿದ ಸರಪಣಿಗಳು, ಮೇಲ್ನೋಟಕ್ಕೆ ಅಸಲಿಯ ತದ್ರೂಪು.

ಅವನ್ನು ಬೇರ್ಪಡಿಸಲು ಕ್ರೊಮ್ಯಾಟೊಗ್ರಫಿಯ ಸ್ತಂಭದ ಮೂಲಕ ಹಾಯಿಸುತ್ತಾರೆ. ಬಳಿಕ ರಾಶಿ ರೋಹಿತಮಾಪಕದಲ್ಲಿ ಅಣುವಿನ ತೂಕ ನೋಡುತ್ತಾರೆ. ತೂಕವೊಂದೇ ಸಾಲದು, 'ವನಜ'ಕ್ಕೂ 'ಜವನ'ಕ್ಕೂ ತೂಕ ಒಂದೇ ತಾನೆ? ಕ್ರಮ ತಿಳಿಯಬೇಕಾದರೆ ಸರಪಣಿಯನ್ನು ಒಡೆದು ಚೂರುಗಳನ್ನು ಬೇರೆಬೇರೆಯಾಗಿ ತೂಗಬೇಕು.

ಇಷ್ಟು ಪಾಡುಪಟ್ಟು ಮಾಡಿದ ಬಿಳಿಯ ಪುಡಿ ಸಂಶೋಧಕನಿಗೆ ಏಕೆ ಬೇಕು? ಜೀವಕೋಶದಲ್ಲಿ ಒಂದು ಪ್ರೋಟೀನು ಎಲ್ಲಿದೆಯೆಂದು ಹುಡುಕಬೇಕಾಗಿದೆ ಎನ್ನಿ. ಆ ಪ್ರೋಟೀನಿನ ಹದಿನೈದು ಕೊಂಡಿಗಳಷ್ಟು ತುಣುಕನ್ನು ತಯಾರಿಸಿ, ದೊಡ್ಡದೊಂದು ಪ್ರೋಟೀನಿಗೆ ಅಂಟಿಸಿ ಮೊಲಕ್ಕೆ ಚುಚ್ಚುತ್ತಾರೆ. ಮೊಲದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಅನೇಕ ವೇಳೆ ಇಡೀ ಪ್ರೋಟೀನನ್ನೇ ಗುರುತಿಸುತ್ತವೆ. ಕಿಣ್ವಗಳ ಅಧ್ಯಯನದಲ್ಲಿ ಇನ್ನೊಂದು ಸೊಗಸಾದ ವಿಧಾನವಿದೆ. ಪೆಪ್ಟೈಡಿನ ಬಾಲಕ್ಕೆ ನೈಟ್ರೋಅನಿಲಿನ್ ಕಟ್ಟಿರುತ್ತಾರೆ. ಕಿಣ್ವ ಅದನ್ನು ಕತ್ತರಿಸಿದೊಡನೆ ದ್ರಾವಣ ಹಳದಿಯಾಗುತ್ತದೆ. ಹಳದಿ ಏರುವ ವೇಗವೇ ಕಿಣ್ವದ ಚುರುಕಿನ ಅಳತೆ.

ಈಗ ಒಂದು ಎಚ್ಚರಿಕೆಯ ಮಾತು. ಮೈಕಟ್ಟು ಬೆಳೆಸಲು, ತೂಕ ಇಳಿಸಲು ಎಂದು ಇಂಥ ಪುಡಿಯ ಸೀಸೆಗಳು ಇತ್ತೀಚೆಗೆ ತರುಣರ ಕೈಗೆ ಬರುತ್ತಿವೆ. ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂದು ಬರೆದಿರುತ್ತದೆ. ಅದನ್ನು ಬರೀ ಶಾಸ್ತ್ರಕ್ಕೆ ಅಂಟಿಸಿದ ಚೀಟಿ ಎಂದು ತಿಳಿಯಬೇಡಿ. ಇನ್ಸುಲಿನ್ ಕೂಡ ಪೆಪ್ಟೈಡೇ, ನಿಜ. ಆದರೆ ಔಷಧವಾಗಿ ಮಾರುವ ಇನ್ಸುಲಿನ್ನಿನ ಪ್ರತಿ ತಂಡವೂ ಸೂಕ್ಷ್ಮಾಣುಗಳಿಲ್ಲವೆಂದು ಪರೀಕ್ಷೆಯಾಗಿ ಬರುತ್ತದೆ. ಪ್ರನಾಳಕ್ಕಾಗಿ ತಯಾರಾದ ಪುಡಿಗೆ ಆ ಪರೀಕ್ಷೆ ಕಡ್ಡಾಯವಲ್ಲ. 'ಶೇಕಡಾ 98 ಶುದ್ಧ' ಎಂಬ ವರದಿ ಜೊತೆಗಿದ್ದರೂ, ಸಾಮಾನ್ಯವಾಗಿ ಅದು ಸ್ತಂಭದಲ್ಲಿ ಹಾದುಬಂದ ಸರಪಣಿಗಳ ಪೈಕಿ ಸರಿಯಾದವು ಎಷ್ಟು ಎಂಬ ಲೆಕ್ಕ ಮಾತ್ರ. ಪುಡಿಯಲ್ಲಿ ಉಳಿದ ಲವಣವೆಷ್ಟು, ಚುಚ್ಚಿಕೊಂಡರೆ ಚಳಿಜ್ವರ ತರಿಸುವ ಬ್ಯಾಕ್ಟೀರಿಯಾದ ವಿಷವಸ್ತು ಎಷ್ಟು ಎಂಬುದು ಆ ಅಂಕಿಯೊಳಗೆ ಸೇರಿರುವುದೇ ಇಲ್ಲ.